ತೂಕವಿಲ್ಲದ ಆಟ, ಕ್ರೇನಿನ ಕೈ

ನನ್ನ ತಮ್ಮನಿಗೆ ಕಟ್ಟಡದ ಕೆಲಸದವರು ಇಟ್ಟ ಹೆಸರು ಹದ್ದು. ಮೂಗು ನೋಡಿ ಇಟ್ಟದ್ದಲ್ಲ. ಅವನದು ನಮ್ಮ ಮನೆಯವರೆಲ್ಲರ ಹಾಗೆ ಚಪ್ಪಟೆ ಮೂಗು. ಟವರ್ ಕ್ರೇನಿನ ನೆತ್ತಿಯಲ್ಲಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು ದಿನವಿಡೀ ಕೆಳಗೆ ನೋಡುವವನನ್ನು ಇನ್ನೇನೆಂದು ಕರೆಯುತ್ತಾರೆ? ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಸಂಜೆಗೆ. ಊಟ, ನೀರು ಎಲ್ಲ ಮೇಲೆಯೇ. ಮದುವೆಗೆ ಮುಂಚೆ ಹತ್ತಲು ಶುರು ಮಾಡಿದವನು ಹೆಂಡತಿ ತೀರಿಕೊಂಡ ಮೇಲೂ ಹತ್ತುತ್ತಿದ್ದ, ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಹತ್ತುತ್ತಿದ್ದ.

ಮನೆಯಲ್ಲಿ ಅವನಷ್ಟು ನಿಧಾನದ ಆಸಾಮಿಯನ್ನು ನಾನು ಕಂಡಿಲ್ಲ. ಬಾಗಿಲು ಹಾಕಿದರೆ ಸದ್ದಾಗುವುದಿಲ್ಲ. ಲೋಟ ಇಟ್ಟರೆ ಚಹಾ ಅಲುಗುವುದಿಲ್ಲ. ತಂತಿಯ ತುದಿಗೆ ಟನ್ನುಗಟ್ಟಲೆ ಭಾರ ತೂಗುವವನು ಯಾವುದನ್ನೂ ಥಟ್ಟನೆ ಮಾಡುವ ಹಾಗಿಲ್ಲವಂತೆ. ನಾನು ಅದಕ್ಕೆ ಪೂರಾ ಉಲ್ಟಾ. ಕೆಳಗಿನ ಅಂಗಡಿಯಲ್ಲಿ ಹರಿದ ಬ್ಯಾಗು, ಕೆಟ್ಟ ಜಿಪ್ಪು ಸರಿ ಮಾಡುವುದು ನನ್ನ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತೆರೆಯದ ಜಿಪ್ಪಿಗೆ ಬೈದರೆ ಅರ್ಧ ಕೆಲಸ ಆದ ಹಾಗೆ ಎಂದು ನಂಬಿದವಳು ನಾನು. ಮೇಲಿನ ಎರಡು ಕೋಣೆಯಲ್ಲಿ ನಾನು, ತಮ್ಮ, ಅವನ ಮಗಳು ಮೂವರೂ ಇದ್ದೇವೆ.

ಆ ನಿಧಾನದ ಮನುಷ್ಯ ಒಂದು ಮಧ್ಯಾಹ್ನ, ಕೆಲಸ ಅರ್ಧಕ್ಕೆ ಬಿಟ್ಟು, ಮನೆಗೆ ಬಂದು ಕುರ್ಚಿಯಲ್ಲಿ ಕೂತ. ಕೈ ಎರಡನ್ನೂ ಮಂಡಿಯ ಮೇಲೆ ಬೋರಲು ಇಟ್ಟುಕೊಂಡಿದ್ದ. ಮುಖ ಸುಣ್ಣ ಬಳಿದ ಹಾಗಿತ್ತು.

"ಏನಾಯ್ತೋ?" ಎಂದೆ.

"ಭುಜ ನೋವು" ಎಂದ.

ಭುಜ ನೋವಿಗೆ ಯಾರಾದರೂ ಅಂಗೈಯನ್ನು ನೋಡಿಕೊಳ್ಳುತ್ತಾರೆಯೇ? ನಿಜ ಏನೆಂದು ನನಗೆ ತಿಳಿದದ್ದು ಅವನ ಇಂಜಿನಿಯರು ಫೋನು ಮಾಡಿದಾಗ. ಅಂದು ಕಾಂಕ್ರೀಟು ಸುರಿಯಲು ಅಚ್ಚಾಗಿ ಇಡುವ ಒಂದು ಅಗಲವಾದ ಸೆಂಟ್ರಿಂಗ್ ತಟ್ಟೆಯನ್ನು ಮೇಲಕ್ಕೆತ್ತುವಾಗ ಗಾಳಿ ನುಗ್ಗಿ ಬಂದಿತ್ತು. ತಟ್ಟೆ ಹಾಯಿಯ ಹಾಗೆ ಗಾಳಿ ಹಿಡಿದು, ಛಾವಣಿಯ ಮೇಲೆ ನಿಂತಿದ್ದ ಸೆಂಟ್ರಿಂಗ್ ಮೇಸ್ತ್ರಿಯ ಕಡೆಗೆ ತೂಗಿಕೊಂಡು ಹೋಯಿತು. ಮೇಸ್ತ್ರಿ ಬೋರಲು ಬಿದ್ದು ಬದುಕಿದ. ತಟ್ಟೆ ಕಂಬದ ಸರಳುಗಳಿಗೆ ಬಡಿದು ಸಿಕ್ಕಿಕೊಂಡಿತು. ಯಾರಿಗೂ ಒಂದು ತರಚು ಗಾಯವಿಲ್ಲ. ಆದರೆ ಮೇಸ್ತ್ರಿ ಎದ್ದವನೇ ಎಲ್ಲರ ಎದುರಿಗೆ ಕೂಗಿದನಂತೆ: "ಗಾಳಿಯಲ್ಲ, ಹದ್ದೇ ನನ್ನ ಮೇಲೆ ತಿರುಗಿಸಿದ. ಕ್ರೇನಿನ ತೋಳು ನನ್ನ ಕಡೆಗೇ ಬಂದದ್ದನ್ನ ಕಣ್ಣಾರೆ ನೋಡಿದೀನಿ."

ಕಂಪನಿಯವರು ಗಾಳಿಯದೇ ತಪ್ಪೆಂದು ಮುಗಿಸಿದರು. ಹಳೆಯ ಕ್ರೇನು, ಯಾವ ಲಿವರು ಯಾವಾಗ ಎತ್ತ ಹೋಯಿತೆಂದು ಅದರಲ್ಲಿ ದಾಖಲಾಗುವುದಿಲ್ಲ. ಇಂಜಿನಿಯರು ಒಳ್ಳೆಯವರು. "ಬದಲಿಯವರೊಬ್ಬರನ್ನ ಹಾಕಿದೀವಿ. ಈ ತಿಂಗಳು ಮುಗಿಯೋದರೊಳಗೆ ಬರಬೇಕು. ಇಲ್ಲದಿದ್ದರೆ ಆ ಸೀಟು ಅವರದೇ ಆಗುತ್ತೆ, ನನ್ನ ಕೈಲಿ ಏನೂ ಇರಲ್ಲ" ಎಂದರು. ನನ್ನ ತಮ್ಮ ಏಣಿಯ ಬುಡದವರೆಗೆ ಒಂದು ಸಲ ಹೋಗಿ, ಹಾಗೇ ವಾಪಸು ಬಂದ. ಹತ್ತಲಿಲ್ಲ.

ನನ್ನ ಸೊಸೆ, ಅಂದರೆ ತಮ್ಮನ ಮಗಳು, ವಿಡಿಯೋ ಗೇಮು ತಯಾರಿಸುವ ಒಂದು ಪುಟ್ಟ ಕಂಪನಿಯಲ್ಲಿದ್ದಾಳೆ. ಆಟವನ್ನು ಕಟ್ಟುವವರು ಬೇರೆ. ಆಟವೆಂದರೇನೆಂದೇ ತಿಳಿಯದವರನ್ನು ಕೂರಿಸಿ ಆಡಿಸಿ, ಅವರು ಎಲ್ಲಿ ಎಡವುತ್ತಾರೆ, ಎಲ್ಲಿ ನಗುತ್ತಾರೆ, ಎಲ್ಲಿ ಬೇಸತ್ತು ಎದ್ದು ಹೋಗುತ್ತಾರೆ ಎಂದು ನೋಡುವುದು ಇವಳ ಪಾಲಿನ ಕೆಲಸ. ನೋಡಿ ಬಂದು ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ ಎಂದು ಹೇಳಬೇಕು. ಅಂಥ ಕೆಲಸಕ್ಕೂ ಸಂಬಳ ಕೊಡುತ್ತಾರೆಂದು ತಿಳಿದ ದಿನ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ.

"ಅಪ್ಪ, ಸುಮ್ಮನೆ ಕೂತಿರೋ ಬದಲು ನನಗೆ ಒಂಚೂರು ಸಹಾಯ ಮಾಡು" ಎಂದು ಅವಳು ಒಂದು ದಿನ ಹೊಸ ಆಟವೊಂದನ್ನು ಟೀವಿಗೆ ಜೋಡಿಸಿದಳು. ಅವನ ಕೈಗೆ ಕಂಟ್ರೋಲರ್ ಕೊಟ್ಟಳು. ಎದುರಿಗೆ ಪುಟ್ಟದೊಂದು ಕ್ಯಾಮೆರಾ ಇಟ್ಟಳು.

"ಅವನ ಮುಖಕ್ಕಾ?" ಎಂದೆ.

"ಮುಖ ಸುಳ್ಳು ಹೇಳುತ್ತೆ ಅತ್ತೆ. ನಾವು ಕೈ ನೋಡ್ತೀವಿ" ಎಂದಳು.

ಕಂಟ್ರೋಲರಿನಲ್ಲಿ ಎರಡು ಮೋಟು ಕಡ್ಡಿ, ಒಂದೊಂದು ಹೆಬ್ಬೆರಳಿಗೆ ಒಂದೊಂದು. ಎಡಗಡೆಯದನ್ನು ದೂಡಿದ ಕಡೆಗೆ ಪರದೆಯ ಮೇಲಿನ ಬೊಂಬೆ ನಡೆಯುತ್ತದೆ. ಬಲಗಡೆಯದನ್ನು ದೂಡಿದ ಕಡೆಗೆ ಗುಂಡು ಹಾರುತ್ತದೆ. ಹಿಂದಕ್ಕೆ ಓಡುತ್ತ ಮುಂದಕ್ಕೆ ಹೊಡೆಯಬಹುದು. ಇಂಥವಕ್ಕೆ ಟ್ವಿನ್ ಸ್ಟಿಕ್ ಶೂಟರ್ ಎನ್ನುತ್ತಾರಂತೆ. ಬೊಂಬೆ ಒಬ್ಬ ಕಾವಲುಗಾರ. ಜಾಗ ಒಂದು ಗೋದಾಮು. ಕೋಣೆಯೊಳಗೆ ಕಾಲಿಟ್ಟರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಹಲ್ಲು ಮೂಡಿದ ಪೆಟ್ಟಿಗೆಗಳೂ ರೆಕ್ಕೆ ಬಂದ ಗೋಣಿಚೀಲಗಳೂ ಮೈಮೇಲೆ ಬೀಳುತ್ತವೆ. ಎಲ್ಲವನ್ನೂ ಕೆಡವಿದರೆ ಮುಂದಿನ ಬಾಗಿಲು. ಸತ್ತರೆ ಮತ್ತೆ ಮೊದಲಿನಿಂದ. ಗಳಿಸಿದ ಆಯುಧವೆಲ್ಲ ಗೋವಿಂದ. ಕೋಣೆಗಳ ಜೋಡಣೆಯೂ ಪ್ರತಿಸಲ ಬೇರೆ. ಇದಕ್ಕೆ ರೋಗ್‌ಲೈಕ್ ಎಂದು ಇನ್ನೊಂದು ಹೆಸರು.

"ಸತ್ತು ಸತ್ತು ಮೊದಲಿನಿಂದ ಮಾಡೋಕೆ ದುಡ್ಡು ಕೊಟ್ಟು ಕೊಂಡುಕೊಳ್ತಾರಾ? ಜನಕ್ಕೆ ತಲೆ ಕೆಟ್ಟಿದೆ" ಎಂದು ಹೇಳಿ ಅಂಗಡಿಗೆ ಇಳಿದು ಹೋದೆ. ಹೋದವಳು, ಒಂದು ಜಿಪ್ಪು ಹಾಕುವಷ್ಟರಲ್ಲಿ, ಈಗೇನಾಯಿತೋ ಎಂದು ಮತ್ತೆ ಮೇಲೆ ಹತ್ತಿದೆ.

ಹಾಗೆ ಶುರುವಾಯಿತು ನನ್ನ ಚಾಳಿ. ಆಡುವವನು ತಮ್ಮ, ಕುತೂಹಲ ನನ್ನದು. ಮಧ್ಯಾಹ್ನ ಅಂಗಡಿಯ ಶಟರು ಅರ್ಧ ಎಳೆದು ಅವನ ಪಕ್ಕ ಕೂತುಬಿಡುತ್ತಿದ್ದೆ. ಸತ್ತರೂ ಮತ್ತೆ ಯಾಕೆ ಒತ್ತುತ್ತಾನೆಂದು ಎರಡು ದಿನ ನೋಡಿದ ಮೇಲೆ ನನಗೂ ತಿಳಿಯಿತು. ಬೊಂಬೆಯ ಸಾಮಾನು ಹೋಗುತ್ತದೆ, ಆದರೆ ಕೈ ಕಲಿತದ್ದು ಹೋಗುವುದಿಲ್ಲ. ನಿನ್ನೆ ಕಂಗಾಲಾದಂಥ ಕೋಣೆಯನ್ನು ಇಂದು ಆರಾಮವಾಗಿ ದಾಟುತ್ತಿದ್ದ. ಕೋಣೆ ಬದಲಾಗುವುದರಿಂದ ಬಾಯಿಪಾಠ ನಡೆಯುವುದಿಲ್ಲ, ಕಣ್ಣು ಬಿಟ್ಟು ನೋಡಲೇಬೇಕು. ಒಂದು ಸಾವಿನಿಂದ ಇನ್ನೊಂದು ಸಾವಿಗೆ ಚಹಾ ಆರುವಷ್ಟು ಹೊತ್ತೂ ಹಿಡಿಯುವುದಿಲ್ಲ, ಅದಕ್ಕೇ ಇನ್ನೊಂದು, ಇನ್ನೊಂದು ಎನಿಸುತ್ತದೆ. ಇಷ್ಟು ಮಟ್ಟಿಗೆ ಆಟ ಕಟ್ಟಿದವರು ಬುದ್ಧಿವಂತರೇ.

ಬೈಯುವುದಕ್ಕೂ ಬೇಕಾದಷ್ಟಿತ್ತು. ಒಂದು ಸಲ ಕೊಳವೆಯಿಂದ ಬೆಂಕಿ ಉಗುಳುವ ಆಯುಧ ಸಿಕ್ಕರೆ ಇನ್ನೊಂದು ಸಲ ಬರೀ ಮೊಳೆ ಎಸೆಯುವುದು ಸಿಗುತ್ತದೆ. ಆಡುವವನು ಅವನೇ, ಹಣೆಬರಹ ಮಾತ್ರ ಬೇರೆ. ಮುಂದಿನ ಕೋಣೆಗಳಲ್ಲಿ ಕಿಡಿ, ಹೊಗೆ, ಮಿಂಚು ಎಲ್ಲ ಕಲೆಸಿ, ನಮ್ಮ ಬೊಂಬೆ ಎಲ್ಲಿದೆಯೆಂದೇ ಕಾಣುವುದಿಲ್ಲ. ಅಕ್ಷರ ಇರುವೆಯಷ್ಟು. ಸಿಕ್ಕಿದ ಸಾಮಾನು ಯಾತಕ್ಕೆಂದು ಒಂದು ಮಾತು ಹೇಳುವುದಿಲ್ಲ. ಒಂದೇ ರಾಗ ಕೇಳಿ ಕೇಳಿ ನನ್ನ ಹೊಲಿಗೆ ಯಂತ್ರವೂ ಅದೇ ತಾಳ ಹಾಕುತ್ತಿದೆಯೇನೋ ಎನಿಸತೊಡಗಿತ್ತು.

"ಇದನ್ನೆಲ್ಲ ನಿಮ್ಮವರಿಗೆ ಹೇಳು" ಎಂದು ಸೊಸೆಗೆ ಕಟ್ಟಪ್ಪಣೆ ಮಾಡಿದೆ.

"ಹೇಳಿದೀನಿ ಅತ್ತೆ. ಆದರೆ ಅವರ ತಲೆ ಕೆಡಿಸಿರೋದು ಇದ್ಯಾವುದೂ ಅಲ್ಲ, ನಮ್ಮಪ್ಪ ಆಡೋ ರೀತಿ."

ವಿಷಯ ಇಷ್ಟು. ನಾಲ್ಕನೆಯ ಕೋಣೆಯ ನಂತರ ಒಬ್ಬ ಡೊಳ್ಳುಹೊಟ್ಟೆಯ ರಾಕ್ಷಸ ಬರುತ್ತಾನೆ. ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡನ್ನು ಆ ಕಡೆ ಈ ಕಡೆ ತೂಗುತ್ತಾನೆ. ಆಡಲು ಬಂದವರೆಲ್ಲ ಗುಂಡು ಬಲಕ್ಕೆ ತೂಗಿದರೆ ಎಡಕ್ಕೆ ಓಡುತ್ತಾರೆ. ನನ್ನ ತಮ್ಮ ಮಾತ್ರ ಗುಂಡು ಬಲಕ್ಕೆ ಹೋದರೆ ತಾನೂ ಬಲಕ್ಕೆ ಹೋಗಿ, ಅದರ ಅಡಿಯಲ್ಲೇ ನಿಂತು, ಚಟ್ನಿಯಾಗುತ್ತಾನೆ. ಗುಂಡು ಅಪಾಯವೆಂದು ಹೊಸಬರಿಗೆ ತಿಳಿಯುತ್ತಿಲ್ಲವೇನೋ ಎಂದು ಕಂಪನಿಯವರು ಅದಕ್ಕೆ ಕೆಂಪು ಬಣ್ಣ ಬಳಿದರು. ತಮ್ಮ ಕೆಂಪು ಗುಂಡಿನ ಅಡಿಗೂ ಹೋಗಿ ನಿಂತ. ಗುಂಡಿಗೆ ಮುಳ್ಳು ಅಂಟಿಸಿದರು. ಅದರ ಅಡಿಗೂ ಹೋದ.

"ಅಪ್ಪ, ದಯವಿಟ್ಟು ಅದರ ಹತ್ತಿರ ಹೋಗಬೇಡ. ದೂರ ಓಡು" ಎಂದು ಮಗಳು ಪಕ್ಕದಲ್ಲಿ ಕೂತು ಕಲಿಸತೊಡಗಿದಳು. ನಿಧಾನದವನಾದರೂ ಮೊಂಡನಲ್ಲ, ಕಲಿತ. ಗುಂಡು ಬಲಕ್ಕೆಂದರೆ ಹೆಬ್ಬೆರಳು ಎಡಕ್ಕೆ. ಡೊಳ್ಳುಹೊಟ್ಟೆ ಸತ್ತು ಬಿದ್ದ ದಿನ ಮೂವರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಸರಸರನೆ ಮುಂದೆ ಹೋಗಿ, ಕೊನೆಯ ಕೋಣೆಯ ಬಾಗಿಲವರೆಗೂ ಮುಟ್ಟಿದ. ಮುಖಕ್ಕೆ ಕಳೆ ಬಂತು. ನನಗೂ ಸಮಾಧಾನವಾಯಿತು. ಆದರೆ ತಿಂಗಳು ಮುಗಿಯುತ್ತ ಬಂದಿತ್ತು, ಏಣಿಯ ಸುದ್ದಿಯನ್ನು ಅವನು ಎತ್ತುತ್ತಿರಲಿಲ್ಲ.

ನನಗೆ ಒಂದು ಪ್ರಶ್ನೆ ತಲೆಯಲ್ಲಿ ಸುತ್ತುತ್ತಲೇ ಇತ್ತು. ಒಂದು ಮಧ್ಯಾಹ್ನ ಅವನು ಅಂಗಡಿಗೆ ಇಳಿದು ಬಂದು ಸ್ಟೂಲಿನ ಮೇಲೆ ಕೂತಾಗ ಕೇಳಿಯೇಬಿಟ್ಟೆ.

"ಅಲ್ಲ ಕಣೋ, ಮೊದಮೊದಲು ಆ ಗುಂಡಿನ ಅಡಿಗೇ ಯಾಕೆ ಹೋಗ್ತಿದ್ದೆ? ಅಷ್ಟೂ ತಿಳಿಯದವನಲ್ಲವಲ್ಲ ನೀನು."

ಅವನು ತಲೆ ಕೆರೆದುಕೊಂಡ. "ಹೋಗ್ತಿದ್ದೆ ಅಂತ ಗೊತ್ತೇ ಆಗ್ತಿರಲಿಲ್ಲ ಅಕ್ಕ. ತೂಗೋದನ್ನ ಕಂಡರೆ ಕೈ ಹೋಗಿಬಿಡುತ್ತೆ."

ನನ್ನ ದೊಡ್ಡ ಕತ್ತರಿಯನ್ನು ಎತ್ತಿಕೊಂಡು, ಅದರ ಹಿಡಿಗೆ ಒಂದು ಉದ್ದನೆಯ ದಾರ ಕಟ್ಟಿ, ನನ್ನ ಕೈಗೆ ಕೊಟ್ಟ. ಕತ್ತರಿಯನ್ನು ಒಂದು ಕಡೆಗೆ ಎಳೆದು ಬಿಟ್ಟ. ಅದು ತೂಗತೊಡಗಿತು.

"ನಿಲ್ಲಿಸು. ಕತ್ತರಿ ಮುಟ್ಟಬಾರದು, ದಾರ ಹಿಡಿದ ಕೈಯಿಂದಲೇ ನಿಲ್ಲಿಸಬೇಕು."

ಕತ್ತರಿ ಆಚೆ ಹೋಯಿತು, ನಾನು ಕೈಯನ್ನು ಈಚೆಗೆ ಎಳೆದೆ. ಅದು ದುಪ್ಪಟ್ಟು ರಭಸದಲ್ಲಿ ಬಂದು ನನ್ನ ಮೊಣಕಾಲಿಗೆ ಬಡಿಯಿತು. ಕತ್ತರಿಗೂ ತಮ್ಮನಿಗೂ ಒಟ್ಟಿಗೇ ಬೈದೆ. ಅವನು ನಗದೆ ದಾರವನ್ನು ತೆಗೆದುಕೊಂಡ. ಕತ್ತರಿ ಆಚೆ ಹೋಗುವಾಗ ಅವನ ಕೈಯೂ ಅದರ ಹಿಂದೆಯೇ ಹೋಗಿ, ಅದರ ನೆತ್ತಿಯ ಮೇಲೆ ಬಂದು ನಿಂತಿತು. ಕತ್ತರಿಯೂ ನಿಂತುಬಿಟ್ಟಿತು.

"ಹೆದರಿ ಹಿಂದಕ್ಕೆ ಎಳೆದರೆ ಇನ್ನೂ ಜೋರಾಗುತ್ತೆ. ಅದು ಹೋದ ಕಡೆಗೇ ಹೋಗಬೇಕು. ಕ್ರೇನಿನಲ್ಲೂ ಅಷ್ಟೇ, ತೋಳನ್ನ ಲೋಡಿನ ನೆತ್ತಿಗೆ ಒಯ್ಯಬೇಕು. ಕೆಳಗಿಂದ ನೋಡೋರಿಗೆ ಬೇಕಂತಲೇ ಆ ಕಡೆ ತಿರುಗಿಸಿದ ಹಾಗೆ ಕಾಣುತ್ತೆ."

ಮೊಣಕಾಲು ಉಜ್ಜಿಕೊಳ್ಳುವುದನ್ನು ಬಿಟ್ಟೆ. "ಮತ್ತೆ ಮೇಸ್ತ್ರಿ ನೋಡಿದ್ದು ಅದನ್ನೇ ತಾನೇ? ತೋಳು ಅವನ ಕಡೆ ಬಂತು ಅಂದರೆ ನೀನು ಸರಿಯಾಗೇ ಮಾಡಿದೀಯ. ಅದನ್ನ ಹೇಳೋದು ಬಿಟ್ಟು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯಲ್ಲ."

"ಹೇಳೋದು ಹೇಗೆ? ನನಗೇ ಗೊತ್ತಿಲ್ಲ." ಅವನ ಸ್ವರ ತೀರಾ ಇಳಿದಿತ್ತು. "ತೋಳು ಮೊದಲೇ ಆ ಕಡೆಗೆ ತಿರುಗುತ್ತಾ ಇತ್ತು. ಗಾಳಿ ಬಂತು, ತಟ್ಟೆ ಅವನ ಕಡೆ ಹೋಯ್ತು. ಆಮೇಲೆ ಕೈ ಹಿಡಿಯೋಕೆ ಹೋಯ್ತಾ, ಇಲ್ಲ ಹೆದರಿ ಅಲ್ಲೇ ಮರಗಟ್ಟಿತಾ, ಇಲ್ಲ ಹಿಂದಕ್ಕೆ ಎಳೆಯಿತಾ, ಏನೂ ನೆನಪಿಲ್ಲ. ಸರಳು ಅಡ್ಡ ಬರದಿದ್ದರೆ ತಟ್ಟೆ ನಿಲ್ತಿತ್ತೋ, ಅವನನ್ನ ಅರೆದು ಹಾಕ್ತಿತ್ತೋ, ಅದೂ ಗೊತ್ತಿಲ್ಲ. ಕಣ್ಣಿಗೆ ಕಾಣೋದು ಬೋರಲು ಬಿದ್ದವನ ಬೆನ್ನು ಮಾತ್ರ. ಕೈ ಏನು ಮಾಡುತ್ತೆ ಅಂತ ಗೊತ್ತಿಲ್ಲದೆ ಮೇಲೆ ಹೋಗಿ ಕೂತು, ಯಾರ ತಲೆ ಮೇಲೆ ಲೋಡ್ ಒಯ್ಯಲಿ ಅಕ್ಕ?"

ಇಷ್ಟು ದಿನ ಪಕ್ಕದಲ್ಲೇ ಕೂತು ಆಟ ನೋಡುತ್ತಿದ್ದೇನೆ, ಅವನೊಳಗೆ ಇದು ಕೊರೆಯುತ್ತಿತ್ತೆಂದು ನನಗೆ ಹೊಳೆದಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಶಟರು ಎಳೆದು, ಅವನ ರಟ್ಟೆ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದೆ. ಸೊಸೆ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು.

"ಅವನ ಕೈಯ ವಿಡಿಯೋ ಇದೆಯಲ್ಲ, ಮೊದಲ ದಿನದ್ದು ಹಾಕು."

ಟೀವಿಯ ತುಂಬ ತಮ್ಮನ ಎರಡು ಕೈ. ಮೂಲೆಯಲ್ಲಿ ಪುಟ್ಟದಾಗಿ ಆಟ. ಡೊಳ್ಳುಹೊಟ್ಟೆ ಬಂದ. ಗುಂಡು ಬಲಕ್ಕೆ ತೂಗಿತು. ಎಡಗೈಯ ಹೆಬ್ಬೆರಳು, ಎಳ್ಳಷ್ಟೂ ನಡುಗದೆ, ಬಲಕ್ಕೆ ಹೋಗಿ ನಿಂತಿತು. ಗುಂಡು ಎಡಕ್ಕೆ, ಹೆಬ್ಬೆರಳು ಎಡಕ್ಕೆ. ಸತ್ತ. ಮತ್ತೆ ಆಡಿದ, ಮತ್ತೆ ಅದೇ. ಕೆಂಪು ಗುಂಡು, ಮುಳ್ಳಿನ ಗುಂಡು, ಎಲ್ಲದಕ್ಕೂ ಅದೇ. ಒಂದೇ ಒಂದು ಸಲವೂ ಕೈ ಹಿಂದಕ್ಕೆ ಬರಲಿಲ್ಲ, ಮರಗಟ್ಟಲೂ ಇಲ್ಲ.

"ಇದು ಆ ತಟ್ಟೆಯ ಕಥೆ ಆದಮೇಲೆ ಆಡಿದ್ದು ತಾನೇ?" ಎಂದೆ. "ಆಗಲೂ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿದೆ. ನೀನು ಸತ್ತಿದ್ದು ಆಟದ ಗುಂಡಿಗೆ ತೂಕ ಇಲ್ಲದ್ದಕ್ಕೆ, ನೀನು ಹೋದರೂ ಅದು ನಿಲ್ಲಲ್ಲ."

ತಮ್ಮ ಪರದೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲಿಲ್ಲ. ಮಗಳು ಅವನ ಹೆಗಲ ಮೇಲೆ ಕೈ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಅವನೇ ಹೇಳಿದ, "ಈಗ ನಿನ್ನೆಯದು ಹಾಕು."

ನಿನ್ನೆಯ ವಿಡಿಯೋದಲ್ಲಿ ಗುಂಡು ಬಲಕ್ಕೆ ತೂಗಿದರೆ ಹೆಬ್ಬೆರಳು ಎಡಕ್ಕೆ ಜಿಗಿಯುತ್ತಿತ್ತು. ಚಪ್ಪಾಳೆ ತಟ್ಟಿ ತಟ್ಟಿ ನಾವೇ ಅವನಿಗೆ ಓಡುವುದನ್ನು ಕಲಿಸಿದ್ದೆವು. ಅವನು ಕಂಟ್ರೋಲರನ್ನು ಮೇಜಿನ ಮೇಲೆ, ಸದ್ದಾಗದಂತೆ, ಇಟ್ಟ.

"ಇನ್ನೊಂದೇ ಕೋಣೆ ಉಳಿದಿತ್ತು ಅಪ್ಪ" ಎಂದಳು ಮಗಳು, ತಡೆಯಲಾರದೆ.

"ಉಳಿದಿರಲಿ ಮಗಳೇ. ನಿಮ್ಮವರಿಗೆ ಹೇಳು, ಆಟ ಒಳ್ಳೇದು. ಸೋತವನನ್ನ ಹೀಯಾಳಿಸಲ್ಲ, ಮತ್ತೆ ಬಾ ಅನ್ನುತ್ತೆ, ಬಂದಾಗ ಮೊದಲಿಗಿಂತ ಚೂರು ಜಾಸ್ತಿ ಕಾಣಿಸುತ್ತೆ. ಎರಡು ಕೈಗೂ ಬೇರೆಬೇರೆ ಕೆಲಸ ಕೊಟ್ಟಿರೋದೂ ಚೆನ್ನಾಗಿದೆ. ಆದರೆ ಅದರಲ್ಲಿ ಯಾವುದಕ್ಕೂ ತೂಕ ಇಲ್ಲ. ಕೈ ಬಿಟ್ಟ ಕೂಡಲೇ ಬೊಂಬೆ ನಿಂತುಬಿಡುತ್ತೆ. ಲೋಕದಲ್ಲಿ ಯಾವ ವಸ್ತುವೂ ಹಾಗೆ ನಿಲ್ಲಲ್ಲ. ಅದಕ್ಕೇ ಅಲ್ಲಿ ಓಡಿದವನು ಗೆಲ್ತಾನೆ." ನಂತರ ಇಂಜಿನಿಯರಿಗೆ ಫೋನು ಮಾಡಿ, ನಾಳೆ ಬರುತ್ತೇನೆ ಎಂದ. ಹೆಚ್ಚು ತಡ ಮಾಡಿದರೆ ಕೈ ಕೆಡುತ್ತದೆಂದು ಅವನಿಗೆ ಭಯ. ಆಗಲೇ ಕೆಟ್ಟಿದ್ದರೆ ಎಂದು ನನಗೆ ಭಯ.

ಮರುದಿನ ನಾನು ಅಂಗಡಿ ತೆರೆಯಲಿಲ್ಲ. ಬಿಸಿಲಿಗೆ ಹಳದಿ ಕೊಡೆ ಹಿಡಿದು, ಕಟ್ಟಡದ ಎದುರಿನ ಕಾಲುದಾರಿಯಲ್ಲಿ ಹೋಗಿ ನಿಂತೆ. ಗೇಟಿನ ಹೊರಗೆ ಒಬ್ಬ ಗಿಡ್ಡನೆಯ ಮನುಷ್ಯ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದ. ಕಾವಲುಗಾರನೊಡನೆ ಅವನು ಆಡುತ್ತಿದ್ದ ಮಾತಿನಿಂದಲೇ ಇವನೇ ಆ ಮೇಸ್ತ್ರಿ ಎಂದು ತಿಳಿಯಿತು.

"ಹದ್ದು ಮೇಲಿರೋ ತನಕ ನಾನು ಒಳಗೆ ಕಾಲಿಡಲ್ಲ" ಎನ್ನುತ್ತಿದ್ದ.

ನನಗೆ ಮೈಯೆಲ್ಲ ಉರಿಯಿತು. "ನಾನು ಆ ಹದ್ದಿನ ಅಕ್ಕ" ಎಂದೆ. "ತೋಳು ನಿಮ್ಮ ಕಡೆ ಬಂದದ್ದು ನಿಮ್ಮನ್ನ ಉಳಿಸೋಕೆ."

"ನೆಲಕ್ಕೆ ಮೂಗು ಉಜ್ಜಿದವನು ನಾನಮ್ಮ, ನೀವಲ್ಲ" ಎಂದ ಅವನು. ಒರಟಾಗಿ ಹೇಳಲಿಲ್ಲ. ಮಾತಾಡುವಾಗಲೂ ಅವನ ಕಣ್ಣು ಕ್ರೇನಿನ ತೋಳಿನ ಮೇಲೇ ಇತ್ತು. ನಾನೂ ಅವನ ಪಕ್ಕಕ್ಕೆ ಸರಿದು ಕತ್ತೆತ್ತಿದೆ.

ಮೊದಲು ಸರಳಿನ ಕಟ್ಟುಗಳು ಹೋದವು, ಆಮೇಲೆ ಮರಳಿನ ಬಕೆಟ್ಟುಗಳು. ಎಲ್ಲವೂ ಮೆಲ್ಲಗೆ, ಸ್ವಲ್ಪವೂ ಅಲುಗದೆ ಹೋದವು. ಮಧ್ಯಾಹ್ನದ ಹೊತ್ತಿಗೆ ಒಂದು ಸೆಂಟ್ರಿಂಗ್ ತಟ್ಟೆ ಏರಿತು. ಅದು ಅರ್ಧ ದಾರಿಯಲ್ಲಿದ್ದಾಗ ಬೀದಿಯ ಧೂಳೆದ್ದು ನನ್ನ ಕೊಡೆ ಉಲ್ಟಾ ಆಯಿತು. ಮೇಲೆ ತಟ್ಟೆ ಗಾಳಿ ಹಿಡಿದು, ಛಾವಣಿಯ ಮೇಲಿದ್ದವರ ಕಡೆಗೆ ವಾಲಿತು. ನಿಂತಿದ್ದ ತೋಳು ಕದಲಿತು. ತಟ್ಟೆ ಹೋದ ಕಡೆಗೇ ಹೋಯಿತು.

"ನೋಡಿ, ಮತ್ತೆ ಅದನ್ನೇ ಮಾಡ್ತಿದಾನೆ" ಎಂದ ಮೇಸ್ತ್ರಿ.

ತೋಳು ತಟ್ಟೆಯ ನೆತ್ತಿಗೆ ಬಂತು. ತಟ್ಟೆ ನಿಂತಿತು. ಗಾಳಿ ಇನ್ನೂ ಬೀಸುತ್ತಿತ್ತು, ಆದರೂ ಗೋಡೆಗೆ ನೇತುಹಾಕಿದಂತೆ ನಿಂತಿತು. ಛಾವಣಿಯ ಮೇಲಿದ್ದವರು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದರು. ತಟ್ಟೆ ಮೆಲ್ಲಗೆ ಹೊರಳಿ ತನ್ನ ಜಾಗಕ್ಕೆ ಇಳಿಯಿತು. ಮೇಸ್ತ್ರಿ ಬಹಳ ಹೊತ್ತು ಕತ್ತೆತ್ತಿಕೊಂಡೇ ಇದ್ದ. ಆಮೇಲೆ ಹೆಲ್ಮೆಟ್ಟು ಹಾಕಿಕೊಂಡು, ನನ್ನ ಕಡೆ ನೋಡದೆ, ಗೇಟಿನೊಳಕ್ಕೆ ಹೋದ.

ಊಟದ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು.

"ಹಳದಿ ಕೊಡೆ ಬೆಳಿಗ್ಗೆಯಿಂದ ಕಾಣ್ತಾ ಇದೆ" ಎಂದ ತಮ್ಮ. "ಅಂಗಡಿಗೆ ಬೀಗ ಹಾಕಿ ಬಂದೆಯಾ?"

"ನನ್ನ ಅಂಗಡಿ, ನನ್ನ ಬೀಗ. ನಿನಗೇನು?"

ಕ್ಯಾಬಿನ್ನಿನ ಗಾಜಿಗೆ ಗಾಳಿ ಬಡಿಯುವುದು ಕೇಳುತ್ತಿತ್ತು.

"ಅಕ್ಕ, ಈ ಸಲವೂ ನನಗೆ ನೆನಪಿಲ್ಲ. ನೀನು ನೋಡ್ತಿದ್ದೆಯಲ್ಲ. ಕೈ ಯಾವ ಕಡೆ ಹೋಯ್ತು?"

ಕೊಡೆ ಮಡಚಿ, ಮೇಲಿನ ಗಾಜಿನ ಗೂಡಿನ ಕಡೆ ನೋಡಿದೆ.

"ಜನ ಇದ್ದ ಕಡೆಗೇ ಹೋಯ್ತು ಕಣೋ" ಎಂದೆ. "ಹೋಗಿ, ಹಿಡ್ಕೊಂಡು ಬಂತು."

ಅವನು ಉಸಿರು ಬಿಟ್ಟದ್ದು ಕೇಳಿಸಿತು. ಹಾಗಾದರೆ ಊಟ ಮಾಡುತ್ತೇನೆ ಎಂದು ಹೇಳಿ ಫೋನು ಇಟ್ಟ.